ಆಡಿಟ್‌ಗೆ ಮೊದಲು ನಾನು ಮಾಡಿದ ಆಡಿಟ್

ನಾನು ಫಿಸಿಕ್ಸ್ ಮೇಷ್ಟ್ರು. ಈಗ ನಿವೃತ್ತ. ನಿವೃತ್ತನಾದ ಮೇಷ್ಟ್ರಿಗೆ ಪಾಠ ಹೇಳುವ ಚಟ ಹಾಗೇ ಉಳಿದಿರುತ್ತದೆ, ಕೇಳುವವರು ಮಾತ್ರ ಉಳಿದಿರುವುದಿಲ್ಲ. ನನ್ನ ಪಾಲಿಗೆ ಇದ್ದ ಒಬ್ಬಳೇ ವಿದ್ಯಾರ್ಥಿನಿ ಎಂದರೆ ನನ್ನ ಹೆಂಡತಿ ವಿಮಲಾ. ಅವಳೂ ಬೆಳಿಗ್ಗೆ ಎದ್ದು, ತಿಂಡಿ ಮಾಡಿಟ್ಟು, ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದ ಕಡೆಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಅವಳದೊಂದು ಸಣ್ಣ ಫ್ಯಾಕ್ಟರಿ ಇದೆ. ಕಬ್ಬಿಣದ ಪೈಪು ಬಗ್ಗಿಸಿ, ವೆಲ್ಡಿಂಗ್ ಮಾಡಿ, ಬಣ್ಣ ಹೊಡೆದು ಶಾಲೆಗಳಿಗೆ ಕುರ್ಚಿ, ಬೆಂಚು ಮಾಡಿಕೊಡುತ್ತಾಳೆ. ನಾನು ಬೋರ್ಡಿನ ಮೇಲೆ ಚಲನೆಯ ನಿಯಮಗಳನ್ನು ಬರೆಯುತ್ತಿದ್ದ ಕಾಲದಲ್ಲೇ ಅವಳು ಅಲ್ಲಿ ಶೆಡ್ಡು ಹಿಡಿದು ಯಂತ್ರಗಳನ್ನು ನಿಜವಾಗಿಯೂ ಚಲಿಸುವಂತೆ ಮಾಡಿದ್ದಳು.

ಮಳೆಗಾಲದ ಒಂದು ಸಂಜೆ ಮನೆಗೆ ಬಂದವಳು ಒಂದು ಸುದ್ದಿ ಹೇಳಿದಳು. ಕರೆಂಟ್ ಬಿಲ್ಲು ಏರುತ್ತಲೇ ಇತ್ತಲ್ಲ, ಅದಕ್ಕೊಂದು ದಾರಿ ಕಾಣಿಸಲು ಅಲ್ಲಿನ ಸಣ್ಣ ಕೈಗಾರಿಕೆಗಳ ಸಂಘದವರು ಒಬ್ಬ ಇಂಜಿನಿಯರನ್ನು ಗೊತ್ತು ಮಾಡಿದ್ದರು. ಅವರು ಒಂದೊಂದೇ ಫ್ಯಾಕ್ಟರಿಗೆ ಬಂದು, ಎಲ್ಲಿ ಎಷ್ಟು ಕರೆಂಟು ಉರಿಯುತ್ತಿದೆ, ಎಲ್ಲಿ ಸುಮ್ಮನೆ ಪೋಲಾಗುತ್ತಿದೆ ಎಂದು ಅಳೆದು ಹೇಳುತ್ತಾರಂತೆ. ಅದಕ್ಕೆ ಎನರ್ಜಿ ಆಡಿಟ್ ಎಂದು ಹೆಸರು. ವಿಮಲಾ ತನ್ನ ಫ್ಯಾಕ್ಟರಿಯ ಹೆಸರನ್ನೂ ಕೊಟ್ಟು ಬಂದಿದ್ದಳು.

ಆ ವಾರವೇ ರಿಚರ್ಡ್ಸ್ ಟೌನಿನ ಒಂದು ಶಾಲೆಗೆ ಪುಟ್ಟ ಕುರ್ಚಿಗಳನ್ನು ಮಾಡಿಕೊಡುವ ಕೆಲಸವೂ ಇತ್ತು. ನರ್ಸರಿ ಮಕ್ಕಳ ಹೊಸ ಕ್ಲಾಸ್‌ರೂಮು, ಅದಕ್ಕೆ ಆಕಾಶನೀಲಿ ಬಣ್ಣದ ಕುರ್ಚಿಗಳು. ಹಾಗಾಗಿ ಅವಳಿಗೆ ಪುರುಸೊತ್ತಿರಲಿಲ್ಲ.

"ರೀ, ಇಂಜಿನಿಯರ್ ಬಂದಾಗ ನೀವು ಸ್ವಲ್ಪ ಜೊತೆಗಿರಿ. ಆದ್ರೆ ಏನೂ ಮುಟ್ಬೇಡಿ" ಎಂದಳು.

ಮೊದಲನೆಯ ವಾಕ್ಯವನ್ನು ನಾನು ಬಹಳ ಗಮನವಿಟ್ಟು ಕೇಳಿಸಿಕೊಂಡೆ.

ಎನರ್ಜಿ ಆಡಿಟ್ ಎಂದರೆ ಏನೇನು ಮಾಡುತ್ತಾರೆ ಎಂದು ನಾನು ಯಾರನ್ನೂ ಕೇಳಲಿಲ್ಲ. ಮೇಷ್ಟ್ರುಗಳು ಕೇಳುವುದಿಲ್ಲ, ಹೇಳುತ್ತಾರೆ. ಶಕ್ತಿಯನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು ಎಂದು ವರ್ಷಗಟ್ಟಲೆ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ನನ್ನ ಹೆಂಡತಿಯ ಫ್ಯಾಕ್ಟರಿಯಲ್ಲಿ ಯಾರೋ ಹೊರಗಿನವರು ಬಂದು ಶಕ್ತಿ ಪೋಲಾಗುತ್ತಿದೆ ಎನ್ನುವುದೆಂದರೇನು? ಬೀಗರು ಬರುವ ಮೊದಲು ಮನೆ ಗುಡಿಸಿ ಸಾರಿಸುವುದಿಲ್ಲವೇ? ಹಾಗೆಯೇ ಆಡಿಟ್‌ಗೆ ಮೊದಲು ನಾನೇ ಒಂದು ಆಡಿಟ್ ಮಾಡಿ, ಎಲ್ಲ ಸರಿಪಡಿಸಿ, ಇಂಜಿನಿಯರ್ ಬಂದಾಗ ಅವರಿಗೆ ಹುಡುಕಲು ಒಂದು ತಪ್ಪೂ ಸಿಗದಂತೆ ಮಾಡಬೇಕು ಎಂದು ತೀರ್ಮಾನಿಸಿದೆ. ವಿಮಲಾಗೆ ಹೇಳಲಿಲ್ಲ. ಒಳ್ಳೆಯ ಕೆಲಸವನ್ನು ಮಾಡಿ ತೋರಿಸಬೇಕೇ ಹೊರತು ಮಾಡುವ ಮೊದಲೇ ಅನುಮತಿ ಕೇಳಬಾರದು. ಕೇಳಿದರೆ ಸಿಗುವುದಿಲ್ಲ.

ಮಾರನೆಯ ದಿನವೇ ಫ್ಯಾಕ್ಟರಿಗೆ ಹೋಗಿ, ಕೈಕಟ್ಟಿಕೊಂಡು ಅತ್ತಿಂದಿತ್ತ ಓಡಾಡಿದೆ. ಪರೀಕ್ಷಾ ಕೊಠಡಿಯಲ್ಲಿ ಓಡಾಡಿದ ಅಭ್ಯಾಸವಿತ್ತಲ್ಲ, ಕಳ್ಳತನ ಕೂಡಲೇ ಕಣ್ಣಿಗೆ ಬಿತ್ತು. ಆ ಫ್ಯಾಕ್ಟರಿಯ ಹಿಂದಿನ ಕೋಣೆಯಲ್ಲಿ ಒಂದು ಕಂಪ್ರೆಸರ್ ಇದೆ. ಹೊರಗಿನ ಗಾಳಿಯನ್ನು ಎಳೆದು, ಒತ್ತಿ ಒತ್ತಿ ದೊಡ್ಡದೊಂದು ಟ್ಯಾಂಕಿಗೆ ತುಂಬುತ್ತದೆ. ಅಲ್ಲಿಂದ ಪೈಪುಗಳಲ್ಲಿ ಆ ಗಾಳಿ ಎಲ್ಲ ಕಡೆಗೂ ಹೋಗುತ್ತದೆ. ಬಣ್ಣ ಹೊಡೆಯುವ ಸ್ಪ್ರೇ ಗನ್ ನಡೆಯುವುದು ಅದರಿಂದಲೇ. ಆದರೆ ಜನ ಅದನ್ನು ಬೇರೆ ಎಲ್ಲದಕ್ಕೂ ಬಳಸುತ್ತಿದ್ದರು. ವೆಲ್ಡರ್ ಬಾಷಾ ಅದರಿಂದ ಪ್ಯಾಂಟಿನ ಧೂಳು ಹಾರಿಸಿಕೊಂಡ, ಆಮೇಲೆ ಒದ್ದೆ ತಲೆಗೂದಲನ್ನು ಒಣಗಿಸಿಕೊಂಡ. ಬಣ್ಣ ಹೊಡೆಯುವ ಸೆಲ್ವಂ ಟೀ ಆರಿಸಲು ಹೋಗಿ ಅರ್ಧ ಲೋಟ ಟೀಯನ್ನು ಗೋಡೆಗೆ ಹೊಡೆದ.

ನಾನು ಇಬ್ಬರನ್ನೂ ನಿಲ್ಲಿಸಿಕೊಂಡು, ಗಾಳಿ ಪುಕ್ಕಟೆ, ಆದರೆ ಒತ್ತಿದ ಗಾಳಿ ಪುಕ್ಕಟೆಯಲ್ಲ, ಈ ಶೆಡ್ಡಿನಲ್ಲಿರುವ ಎಲ್ಲಕ್ಕಿಂತ ದುಬಾರಿ ವಸ್ತು ಅದೇ ಎಂದು ಪಾಠ ಮಾಡಿದೆ. ಇಷ್ಟು ಮಾತ್ರ ನಿಜವಾಗಿಯೂ ಸರಿಯಾಗಿತ್ತು. ಅವರಿಬ್ಬರೂ ತಲೆಯಾಡಿಸಿದರು. ಮಾರನೆಯ ದಿನದಿಂದ ಬಾಷಾ ಟವೆಲ್ ತರತೊಡಗಿದ. ನನಗೆ ಏರಿದ ಹುಮ್ಮಸ್ಸಿಗೆ ಅದೊಂದು ಟವೆಲ್ಲೇ ಕಾರಣ.

ಪೈಪುಗಳಲ್ಲಿ ಗಾಳಿ ಸೋರಿದರೆ ಕರೆಂಟು ಸೋರಿದಂತೆಯೇ ಎಂದು ಎಲ್ಲೋ ಓದಿದೆ. ಸೋರುವ ಜಾಗ ಹುಡುಕಲು ಸೋಪಿನ ನೀರು ಹಚ್ಚಬೇಕು, ಗುಳ್ಳೆ ಎದ್ದರೆ ಸೋರಿಕೆ. ಸದ್ದು ಕೇಳಿಸಿಕೊಂಡೂ ಹುಡುಕಬಹುದು. ಯಾರ ಅಡ್ಡಿಯೂ ಇರಬಾರದೆಂದು ಭಾನುವಾರವನ್ನು ಆರಿಸಿಕೊಂಡೆ. ವಿಮಲಾ ತಂಗಿಯ ಮನೆಗೆ ಹೋಗಿದ್ದಳು. ಫ್ಯಾಕ್ಟರಿಯ ಬೀಗದಕೈ ಮೊಳೆಗೆ ನೇತುಹಾಕಿತ್ತು. ಒಂದು ಬಾಟಲಿಯಲ್ಲಿ ಸೋಪಿನ ನೀರು, ಹಾರ್ಡ್‌ವೇರ್ ಅಂಗಡಿಯಿಂದ ತಂದ ಟೇಪು, ತೂತು ಮುಚ್ಚಲು ಬೇರೆ ಬೇರೆ ಅಳತೆಯ ಹಿತ್ತಾಳೆಯ ಬಿರಟೆಗಳು, ಕಲಸಿ ಮೆತ್ತುವ ಅಂಟಿನ ಮುದ್ದೆ, ಇವೆಲ್ಲವನ್ನೂ ಚೀಲಕ್ಕೆ ತುಂಬಿಕೊಂಡೆ. ಮಹಡಿಯ ಮೇಲಿನ ಡಾಕ್ಟರ ಹತ್ತಿರ ಅವರ ಹಳೆಯ ಸ್ಟೆತಾಸ್ಕೋಪನ್ನೂ ಎರವಲು ತಂದೆ.

ಹಲಸೂರು ಮೆಟ್ರೋ ಸ್ಟೇಷನ್ನಿನಲ್ಲಿ ಸೆಕ್ಯೂರಿಟಿಯವರು ಚೀಲ ತೆಗೆಸಿದರು.

"ಡಾಕ್ಟ್ರಾ ಸಾರ್?"

ಅಲ್ಲ ಎಂದೆ.

"ಮತ್ತೆ ಇದು?"

"ಕಂಪ್ರೆಸರಿನ ಎದೆ ಬಡಿತ ನೋಡ್ಬೇಕು."

ಅವರು ನನ್ನ ಮುಖವನ್ನೂ ಬಾಟಲಿಯನ್ನೂ ಬಿರಟೆಗಳನ್ನೂ ಒಂದು ಸುತ್ತು ನೋಡಿ, ಬಾಟಲಿಯ ಮುಚ್ಚಳ ತೆಗೆದು ಮೂಸಿ, ಪಾತ್ರೆ ತೊಳೆಯುವ ಸೋಪು ಎಂದು ಖಾತ್ರಿ ಮಾಡಿಕೊಂಡು, ಯಾವುದೋ ಮನೆಯವರು ವಯಸ್ಸಾದವರನ್ನು ಒಬ್ಬರೇ ಕಳಿಸಿದ್ದಾರೆ ಎನ್ನುವಂತೆ ಕರುಣೆಯಿಂದ ಬಿಟ್ಟರು.

ಫ್ಯಾಕ್ಟರಿಯಲ್ಲಿ ಒಬ್ಬನೇ! ಕಂಪ್ರೆಸರ್ ಚಾಲೂ ಮಾಡಿ, ಟ್ಯಾಂಕ್ ತುಂಬಿಸಿ, ಸ್ಟೆತಾಸ್ಕೋಪ್ ಕಿವಿಗೆ ಹಾಕಿಕೊಂಡು ಪೈಪುಗಳ ಉದ್ದಕ್ಕೂ ನಡೆದೆ. ಎಷ್ಟೊಂದು ಕಡೆ ಸಿಳ್ಳೆ! ಸೋಪಿನ ನೀರು ಹಚ್ಚಿದಲ್ಲೆಲ್ಲ ಗುಳ್ಳೆಗಳು ಎದ್ದವು. ನಾನು ಒಂದೊಂದನ್ನೇ ಟೇಪು ಸುತ್ತಿ, ತಿರುಪು ಬಿಗಿದು ನಿಲ್ಲಿಸಿದೆ. ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಲ್ಲಿ ಲೈಬ್ರರಿಯ ಮೌನ ನೆಲೆಸಿತು.

ಆಗ ಹಿಂದಿನ ಕೋಣೆಯಿಂದ "ಫುಸ್" ಎಂದಿತು.

ಹೋಗಿ ನೋಡಿದೆ. ಕಂಪ್ರೆಸರಿನ ಟ್ಯಾಂಕಿನ ತಳದಲ್ಲಿ ಒಂದು ಪುಟ್ಟ ಮೂತಿ. ಸುಮ್ಮನಿರುತ್ತದೆ, ಇದ್ದಕ್ಕಿದ್ದಂತೆ "ಫುಸ್" ಎಂದು ಗಾಳಿ ಬಿಡುತ್ತದೆ, ಮತ್ತೆ ಸುಮ್ಮನಾಗುತ್ತದೆ. ಉಳಿದ ಸೋರಿಕೆಗಳೆಲ್ಲ ಪಾಪ ಬಡಪಾಯಿಗಳು, ಸದಾ ಸಿಳ್ಳೆ ಹೊಡೆದು ತಮ್ಮ ಇರವನ್ನು ತಿಳಿಸುತ್ತಿದ್ದವು. ಇದು ನನ್ನನ್ನು ಕಂಡರೆ ಸುಮ್ಮನಿದ್ದು, ಬೆನ್ನು ತಿರುಗಿಸಿದಾಗ ಗಲಾಟೆ ಮಾಡುವ ಕೊನೆ ಬೆಂಚಿನ ಹುಡುಗನ ಜಾತಿ. ಅದರ ಜೊತೆ ಒಂದಿಷ್ಟು ಹನಿ ನೀರೂ ಚಿಮ್ಮಿತು. ತುಕ್ಕು ಹಿಡಿದು ಎಲ್ಲೋ ತೂತಾಗಿದೆ ಎಂದು ವೈಜ್ಞಾನಿಕವಾಗಿ ನಿರ್ಧರಿಸಿದೆ. ಅಳತೆಗೆ ಸರಿಯಾದ ಬಿರಟೆ ಚೀಲದಲ್ಲಿತ್ತು. ಅದನ್ನು ತಿರುಗಿಸಿ ಬಿಗಿದು, ಮೇಲೆ ಅಂಟಿನ ಮುದ್ದೆಯನ್ನು ಕಡುಬಿನಂತೆ ಮೆತ್ತಿದೆ. ಆ ಕೋಣೆಯ ಕಿಟಕಿಯಿಂದ ಧೂಳು ಬರುತ್ತದೆಂದು ಅದಕ್ಕೂ ಒಂದು ಪ್ಲೈವುಡ್ ಹಲಗೆ ಹೊಡೆದೆ. ಆಮೇಲೆ ನಿಂತು ಕಿವಿಗೊಟ್ಟೆ. ಫುಸ್ ಇಲ್ಲ. ಪರಮ ಶಾಂತಿ.

ಸೋಮವಾರ ಸಂಜೆ ಮನೆಗೆ ಬಂದ ವಿಮಲಾ, ಇವತ್ತು ಯಾಕೋ ಫ್ಯಾಕ್ಟರಿ ನಿಶ್ಶಬ್ದವಾಗಿತ್ತು, ಕಂಪ್ರೆಸರೂ ಪದೇ ಪದೇ ಓಡಲಿಲ್ಲ ಎಂದಳು. ನಾನು ತಟ್ಟೆ ನೋಡುತ್ತಾ ಮುಗುಳ್ನಕ್ಕೆ. ಇಂಜಿನಿಯರ್ ಬಂದ ದಿನ ಅವರ ಬಾಯಿಂದಲೇ ನನ್ನ ಗುಣಗಾನ ಕೇಳಿಸಬೇಕೆಂದು ತಡೆದುಕೊಂಡೆ. ಅಂದು ಬಾಯಿ ಬಿಟ್ಟಿದ್ದರೆ ಮುಂದಿನದೇನೂ ಆಗುತ್ತಿರಲಿಲ್ಲ.

ಸೆಲ್ವಂ ಶಾಲೆಯ ಕುರ್ಚಿಗಳಿಗೆ ಬಣ್ಣ ಹೊಡೆಯಲು ಶುರು ಮಾಡಿದ. ಮೊದಲ ಕುರ್ಚಿಗಳು ಆಕಾಶದಂತೆಯೇ ಹೊಳೆದವು. ಆಮೇಲಾಮೇಲೆ ಬಣ್ಣದಲ್ಲಿ ಸಣ್ಣ ಸಣ್ಣ ಗುಳ್ಳೆ ಕಾಣಿಸಿತು. ಬುಧವಾರ ನಾನು ಹೋಗಿ ನೋಡಿದಾಗ ಸಾಲಾಗಿ ನಿಂತ ಕುರ್ಚಿಗಳ ಬೆನ್ನು, ಕಾಲು, ಕೂರುವ ಜಾಗ ಎಲ್ಲ ಕಡೆ ಬೊಕ್ಕೆಗಳು. ಮುಟ್ಟಿದರೆ ಒಡೆದು ಒಳಗಿನ ಕಬ್ಬಿಣ ಕಾಣುತ್ತಿತ್ತು. ಇಡೀ ಫ್ಯಾಕ್ಟರಿಗೆ ಅಮ್ಮ ಎದ್ದಂತಿತ್ತು.

ವಿಮಲಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪೇಂಟೇ ಸರಿಯಿಲ್ಲವೇನೋ ಎಂದು ಸೆಲ್ವಂ ಅನುಮಾನ ಪಟ್ಟ. ಅನುಮಾನವೇಕೆ, ಖಂಡಿತ ಪೇಂಟೇ ಎಂದು ನಾನು ತೀರ್ಪು ಕೊಟ್ಟೆ.

ಪೇಂಟು ಬರುತ್ತಿದ್ದದ್ದು ಶಿವಾಜಿನಗರದ ಅಯೂಬ್ ಭಾಯ್ ಅಂಗಡಿಯಿಂದ. ವಿಮಲಾ ಫ್ಯಾಕ್ಟರಿ ಶುರು ಮಾಡಿದಾಗ, ಹೆಂಗಸು ಏನು ಫ್ಯಾಕ್ಟರಿ ನಡೆಸುತ್ತಾಳೆ ಎಂದು ಉಳಿದ ಅಂಗಡಿಯವರು ನಕ್ಕಿದ್ದಾಗ, ಬೆಹನ್ ಬನ್ನಿ ಎಂದು ಸ್ಟೂಲು ಹಾಕಿ ಕೂರಿಸಿದವರು ಅವರು. ಈಗಲೂ ಹೋದರೆ ಸುಲೈಮಾನಿ ಚಾ ತರಿಸದೆ ಕಳಿಸುವುದಿಲ್ಲ. ಅಂಥವರ ಹತ್ತಿರ ಜಗಳಕ್ಕೆ ಹೋಗಲು ಅವಳಿಗೆ ಮನಸ್ಸಿರಲಿಲ್ಲ. ಒಂದು ಡಬ್ಬ ತೋರಿಸಿ, ಇದನ್ನು ನೋಡಿ ಎಂದಷ್ಟೇ ಕೇಳುವುದು ಅವಳ ಲೆಕ್ಕ. ತಾಂತ್ರಿಕ ಬೆಂಬಲಕ್ಕೆಂದು ನಾನೂ ಜೊತೆಗೆ ಹೋದೆ.

ಅಯೂಬ್ ಭಾಯ್ ಡಬ್ಬ ತೆರೆದು, ಕಡ್ಡಿಯಿಂದ ಕಲಸಿ, ಬೆರಳಿಗೆ ಹಚ್ಚಿಕೊಂಡು ನೋಡಿ, ಪೇಂಟ್ ಚೆನ್ನಾಗಿಯೇ ಇದೆಯಲ್ಲ ಎಂದರು. ವಿಮಲಾಗೆ ಅಷ್ಟು ಸಾಕಾಗಿತ್ತು. ನನಗೆ ಸಾಕಾಗಲಿಲ್ಲ. ದ್ರವದ ಮೇಲ್ಮೈಯಲ್ಲಿ ಸರ್ಫೇಸ್ ಟೆನ್ಶನ್ ಎಂಬ ಬಲವಿರುತ್ತದೆ, ಕಳಪೆ ಪೇಂಟಿನಲ್ಲಿ ಆ ಟೆನ್ಶನ್ ಏರುಪೇರಾಗುತ್ತದೆ, ಅದಕ್ಕೇ ಗುಳ್ಳೆ ಎಂದು ಗಿರಾಕಿಗಳ ಎದುರಿಗೇ ಪೂರ್ತಿ ಪಾಠ ಮಾಡಿದೆ. ಕೌಂಟರಿನ ಮೇಲೆ ಬೆರಳಿನಿಂದ ಒಂದು ಚಿತ್ರವನ್ನೂ ಬರೆದೆ. ಪೇಂಟಿನಲ್ಲೇ.

ಅಯೂಬ್ ಭಾಯ್ ಬಟ್ಟೆಯಿಂದ ಕೌಂಟರ್ ಒರೆಸಿದರು.

"ಸಾಬ್, ನಮ್ ಅಬ್ಬಾ ಕಾಲದಿಂದ ಪೇಂಟ್ ಮಾರ್ತಾ ಇದೀವಿ. ಡಬ್ಬ ತೂತಾಗಿದೆ ಅಂದವರು ಇದ್ದಾರೆ, ಶೇಡ್ ಬೇರೆ ಆಗಿದೆ ಅಂದವರು ಇದ್ದಾರೆ. ಪೇಂಟಿಗೆ ಟೆನ್ಶನ್ ಇದೆ ಅಂದವರು ನೀವೊಬ್ರೇ."

ಗಿರಾಕಿಗಳು ನಕ್ಕರು. ಅಯೂಬ್ ಭಾಯ್ ನಗಲಿಲ್ಲ. ಹಳೆಯ ಡಬ್ಬಗಳನ್ನೆಲ್ಲ ವಾಪಸ್ ಕಳಿಸಿ ಎಂದು ಹೇಳಿ, ಬೇರೆ ಲಾಟಿನ ಹೊಸ ಡಬ್ಬಗಳನ್ನು ತಾವೇ ಆಟೋಗೆ ಇಟ್ಟರು. ಚಾ ತರಿಸಲಿಲ್ಲ.

ಆಟೋದಲ್ಲಿ ವಿಮಲಾ ಡಬ್ಬಗಳು ಉರುಳದಂತೆ ಕೈಯಿಂದ ಒತ್ತಿ ಹಿಡಿದಿದ್ದಳು. "ಚಾ ಕೊಡ್ಲಿಲ್ಲ ಅವ್ರು" ಎಂದಳು ಕೊನೆಗೆ. ಮಳೆಗಾಲದಲ್ಲಿ ಹಾಲು ಸಿಕ್ಕಿರಲಿಕ್ಕಿಲ್ಲ ಎಂದೆ. ಸುಲೈಮಾನಿಗೆ ಹಾಲು ಹಾಕುವುದಿಲ್ಲ ಎಂದು ನನಗೂ ಗೊತ್ತಿತ್ತು.

ಹೊಸ ಡಬ್ಬ ಒಡೆದು ಹೊಡೆದರೂ ಅದೇ ಬೊಕ್ಕೆ. ಈಗ ಪೇಂಟಿನ ಮೇಲೆ ತಪ್ಪು ಹೊರಿಸುವಂತಿರಲಿಲ್ಲ. ವಿಜ್ಞಾನ ಬೇರೆ ಕಾರಣ ಹುಡುಕಬೇಕಾಯಿತು. ಹವೆಯ ತೇವ ಎಂದೆ. ಥಿನ್ನರ್ ಎಂದೆ. ಆಮೇಲೆ, ಆಡಬಾರದ ಮಾತು, ಸೆಲ್ವಂನನ್ನು ಪಕ್ಕಕ್ಕೆ ಕರೆದು, ಇತ್ತೀಚೆಗೆ ಕೈ ಏನಾದರೂ ನಡುಗುತ್ತಾ ಎಂದು ಕೇಳಿದೆ.

ಸೆಲ್ವಂ ಹಲಸೂರು ಬಜಾರಿನ ಹಿಂದಿನ ಬೀದಿಯವನು, ಮದುವೆಯ ವಯಸ್ಸಿಗೆ ಬಂದ ಮಗಳ ಅಪ್ಪ. ಫ್ಯಾಕ್ಟರಿ ಶುರುವಾದ ದಿನದಿಂದ ಇದ್ದಾನೆ. ಸ್ಪ್ರೇ ಗನ್ನನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಎರಡೂ ಕೈಯನ್ನು ನನ್ನ ಮುಂದೆ ಚಾಚಿ ಹಿಡಿದ. ಅಲುಗಲಿಲ್ಲ. ಹಾಗೇ ಹೋಗಿ ವಿಮಲಾಗೆ, "ಮೇಡಂ, ನಾಳೆಯಿಂದ ನಾನ್ ಬರಲ್ಲ ಮೇಡಂ. ಸಾರ್‌ಗೆ ನನ್ ಮೇಲೆ ಡೌಟು" ಎಂದ.

ಅವನನ್ನು ಸಮಾಧಾನ ಮಾಡಲು ಅವಳಿಗೆ ಆ ಸಂಜೆಯೆಲ್ಲ ಹಿಡಿಯಿತು. ಶುಕ್ರವಾರ ಇಂಜಿನಿಯರ್ ಬಂದು ಹೋಗುವವರೆಗಾದರೂ ಇರು ಎಂದು ಒಪ್ಪಿಸಿದಳು. ನನ್ನನ್ನು ಫ್ಯಾಕ್ಟರಿಯಿಂದ ದೂರವಿಡುವುದೇ ಒಳ್ಳೆಯದು ಎಂದುಕೊಂಡಳೋ ಏನೋ, ಗುರುವಾರ ರಿಚರ್ಡ್ಸ್ ಟೌನಿಗೆ ಅಟ್ಟಿದಳು. ಶಾಲೆಯವರ ಹತ್ತಿರ ಸ್ವಲ್ಪ ಸಮಯ ಕೇಳಿಕೊಂಡು ಬರಬೇಕು.

ಅಲ್ಲಿನ ಪ್ರಿನ್ಸಿಪಾಲ್ ಒಬ್ಬ ವಯಸ್ಸಾದ ಸಿಸ್ಟರ್. ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, ತನಗೇನೂ ತೊಂದರೆಯಿಲ್ಲ, ಆದರೆ ಸೋಮವಾರ ನೀಲಿ ಕುರ್ಚಿ ಬರುತ್ತದೆಂದು ಮಕ್ಕಳಿಗೆ ಮಾತು ಕೊಟ್ಟಿದ್ದೇನೆ, ಅವರಿಗೆ ನೀವೇ ಹೇಳಿಬಿಡಿ ಎಂದು ನರ್ಸರಿ ಕ್ಲಾಸಿಗೇ ಕರೆದೊಯ್ದರು. ಅಲ್ಲಿದ್ದ ಹಳೆಯ ಪುಟ್ಟ ಕುರ್ಚಿಯೊಂದನ್ನು ತೋರಿಸಿ ಕೂರಲು ಹೇಳಿದರು. ಕೂತೆ. ಮೊಣಕಾಲು ಕಿವಿಯ ಹತ್ತಿರ ಬಂತು.

ಪದವಿಪೂರ್ವ ತರಗತಿಗಳನ್ನು ಕಣ್ಣೋಟದಲ್ಲಿ ಆಳಿದವನು ನಾನು. ಆ ಮಕ್ಕಳ ಮುಂದೆ ಬಾಯಿ ಒಣಗಿತು. ಕುರ್ಚಿಗಳಿಗೆ ಹುಷಾರಿಲ್ಲ, ಮೈಮೇಲೆಲ್ಲ ಗುಳ್ಳೆ ಎದ್ದಿದೆ, ವಾಸಿಯಾದ ಮೇಲೆ ಬರುತ್ತವೆ ಎಂದೆ. ಮುಂದಿನ ಸಾಲಿನ ಒಬ್ಬ ಹುಡುಗಿ, ಈಚೆಗೆ ತಾನೇ ಆ ಕಷ್ಟ ಅನುಭವಿಸಿ ಎದ್ದವಳಿರಬೇಕು, ಗಂಭೀರವಾಗಿ ಕೇಳಿದಳು.

"ಬೇವಿನ ಸೊಪ್ಪು ಹಾಕಿದ್ರಾ?"

ಇಲ್ಲ ಎಂದೆ.

"ಹಾಕ್ಬೇಕು ಅಂಕಲ್. ಕೆರ್ಕೋಬಾರ್ದು ಅಂತಾನೂ ಹೇಳಿ."

ಹೇಳುತ್ತೇನೆ ಎಂದು ಎದ್ದೆ. ಕುರ್ಚಿಯೂ ನನ್ನ ಜೊತೆಗೇ ಎದ್ದಿತು. ಅದರ ಎರಡು ಕಡೆಯ ಕೈಗಳ ನಡುವೆ ನನ್ನ ಸೊಂಟ ಭದ್ರವಾಗಿ ಕೂತುಬಿಟ್ಟಿತ್ತು. ಸಿಸ್ಟರ್ ಹಿಂದಿನಿಂದ ಹಿಡಿದು ಎಳೆದರು, ಆಯಾ ಮುಂದಿನಿಂದ ನನ್ನ ಕೈ ಹಿಡಿದು ಎಳೆದರು, ಮಕ್ಕಳು ಒಕ್ಕೊರಲಿನಿಂದ ಐಸಾ ಎಂದರು. ಕೆಲಸದ ಗುಣಮಟ್ಟ ಹೇಳಬೇಕು, ಕುರ್ಚಿಗೆ ಏನೂ ಆಗಲಿಲ್ಲ. ಅದೂ ವಿಮಲಾ ಫ್ಯಾಕ್ಟರಿಯದೇ ಅಂತೆ. ನಗು ತಡೆಯಲು ಕಷ್ಟಪಡುತ್ತಿದ್ದ ಸಿಸ್ಟರ್, ಒಂದು ವಾರ ತಡವಾದರೂ ಪರವಾಗಿಲ್ಲ ಎಂದು ಕಳಿಸಿಕೊಟ್ಟರು. ಸಮಯ ಸಿಕ್ಕಿತು. ಅದನ್ನು ಪಡೆದ ಬಗೆಯನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ಶುಕ್ರವಾರ ಇಂಜಿನಿಯರ್ ಬಂದರು. ಶಿಲ್ಪಾ ಎಂದು ಹೆಸರು, ನನ್ನ ಕೊನೆಯ ಬ್ಯಾಚಿನ ವಿದ್ಯಾರ್ಥಿಗಳ ವಯಸ್ಸು. ಭಾರವಾದ ಸೇಫ್ಟಿ ಶೂ, ಬೆನ್ನಿಗೆ ಚೀಲ. ಚೀಲದಿಂದ ವೈರಿಗೆ ಕಚ್ಚಿಸುವ ಮೀಟರು, ಶಾಖ ತೋರಿಸುವ ಕ್ಯಾಮೆರಾ, ಸೋರುವ ಗಾಳಿಯ ಸದ್ದನ್ನು ಹಿಡಿಯುವ ಒಂದು ಯಂತ್ರ ತೆಗೆದರು. ಅದಕ್ಕೆ ಹೆಡ್‌ಫೋನೂ ಇತ್ತು. ನನ್ನ ಕೊರಳಲ್ಲಿ ಸ್ಟೆತಾಸ್ಕೋಪಿತ್ತು. ಒಂದೇ ರೋಗಿಯನ್ನು ನೋಡಲು ಬಂದ ಇಬ್ಬರು ಡಾಕ್ಟರಂತೆ ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.

ಅದೇ ಹೊತ್ತಿಗೆ ಅಯೂಬ್ ಭಾಯ್ ಕೂಡ ಬಂದರು. ಎರಡನೇ ಲಾಟೂ ಕೆಟ್ಟಿತೆಂದು ಕೇಳಿ ಅವರಿಗೆ ತಡೆಯಲಾಗಿರಲಿಲ್ಲ. ಅಂಗಡಿಯ ಮಾನದ ಪ್ರಶ್ನೆ, ನಿಮ್ಮ ಜಾಗದಲ್ಲೇ ನನ್ನ ಕಣ್ಣೆದುರಿಗೇ ಹೊಡೆದು ತೋರಿಸಿ ಎಂದರು. ವಿಮಲಾ ಅವರಿಗೆ ಕುರ್ಚಿ ಹಾಕಿದಳು. ಅವರು ಕೂರಲಿಲ್ಲ. ಎಲ್ಲರೂ ಶಿಲ್ಪಾ ಅವರ ಹಿಂದೆ ಹೊರಟೆವು. ನಾನು ಎಲ್ಲರಿಗಿಂತ ಮುಂದೆ.

ಆಕೆ ಹೆಡ್‌ಫೋನ್ ಹಾಕಿಕೊಂಡು ಪೈಪುಗಳ ಉದ್ದಕ್ಕೂ ನಡೆದರು. ಕೊನೆಯಲ್ಲಿ ಹೆಡ್‌ಫೋನ್ ತೆಗೆದು, ಈ ಏರಿಯಾದಲ್ಲಿ ಇಷ್ಟು ಕಡಿಮೆ ಲೀಕ್ ಇರುವ ಫ್ಯಾಕ್ಟರಿ ನೋಡಿಯೇ ಇಲ್ಲ, ಯಾರು ಮಾಡಿದ್ದು ಎಂದು ಕೇಳಿದರು.

ನಾನು ಕಾಯುತ್ತಿದ್ದ ಪ್ರಶ್ನೆ ಅದು. ವಿಮಲಾ, ಸೆಲ್ವಂ, ಬಾಷಾ, ಅಯೂಬ್ ಭಾಯ್ ಎಲ್ಲರೂ ಕೇಳಿಸಿಕೊಳ್ಳುವಂತೆ ಗಂಟಲು ಸರಿಮಾಡಿಕೊಂಡು, ಭಾನುವಾರದ ನನ್ನ ಏಕಾಂಗಿ ಸಾಹಸವನ್ನು ಸವಿಸ್ತಾರವಾಗಿ ವರ್ಣಿಸಿದೆ. ಬಾಷಾ ಚಪ್ಪಾಳೆ ತಟ್ಟಲು ಕೈ ಎತ್ತಿ, ಉಳಿದವರನ್ನು ನೋಡಿ ಇಳಿಸಿದ. ವಿಮಲಾ ಮುಖದಲ್ಲಿ ಅಚ್ಚರಿ ಕಂಡಿತು. ಹೆಮ್ಮೆಯೂ ಇತ್ತೆಂದು ನನಗೆ ಈಗಲೂ ಅನ್ನಿಸುತ್ತದೆ. ಬಹಳ ಹೊತ್ತು ಇರಲಿಲ್ಲ, ಆದರೆ ಇತ್ತು.

ಕಂಪ್ರೆಸರ್ ಕೋಣೆಯ ಬಾಗಿಲು ತೆಗೆದಾಗ ಒಳಗಿಂದ ಇಡ್ಲಿ ಪಾತ್ರೆ ತೆರೆದಂತೆ ಬಿಸಿ ಹವೆ ಬಂತು. ಕಿಟಕಿ ಯಾಕೆ ಮುಚ್ಚಿದ್ದೀರಿ, ತಣ್ಣನೆಯ ಗಾಳಿ ಸಿಗದಿದ್ದರೆ ಕಂಪ್ರೆಸರ್ ಜಾಸ್ತಿ ಕರೆಂಟ್ ತಿನ್ನುತ್ತದಲ್ಲ ಎಂದು ಶಿಲ್ಪಾ ಕೇಳಿದರು. ಧೂಳಿಗೆ ಎಂದೆ, ಸ್ವಲ್ಪ ಮೆಲುದನಿಯಲ್ಲಿ. ಆಕೆ ಬಗ್ಗಿ ಟ್ಯಾಂಕಿನ ತಳ ನೋಡಿದರು. ಮೊಬೈಲಿನಲ್ಲಿ ಅದರದೊಂದು ಫೋಟೋ ತೆಗೆದುಕೊಂಡರು.

"ಸರ್, ಇಲ್ಲಿ ಆಟೋ ಡ್ರೇನ್ ವಾಲ್ವ್ ಇರ್ಬೇಕಲ್ಲ?"

"ಅದು ಎಲ್ಲಕ್ಕಿಂತ ದೊಡ್ಡ ಲೀಕು. ಭದ್ರವಾಗಿ ಮುಚ್ಚಿದ್ದೀನಿ."

ಆಕೆ ಎದ್ದು ನಿಂತು, ಒಮ್ಮೆ ಹೊರಗಿದ್ದ ಬೊಕ್ಕೆ ಎದ್ದ ಕುರ್ಚಿಗಳ ಕಡೆ ನೋಡಿದರು, ಒಮ್ಮೆ ಪೈಪಿನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಹಿರಿಯರಿಗೆ ಹೇಗೆ ಹೇಳುವುದು ಎಂದು ಯೋಚಿಸುತ್ತಿದ್ದಂತಿತ್ತು. ಕೊನೆಗೆ ಬಹಳ ಮೃದುವಾಗಿಯೇ ಹೇಳಿದರು. ಹವೆಯಲ್ಲಿ ನೀರಿನ ಆವಿ ಇರುತ್ತದೆ, ಮಳೆಗಾಲದಲ್ಲಂತೂ ಜಾಸ್ತಿ. ಹವೆಯನ್ನು ಒತ್ತಿ ತುಂಬಿದಾಗ ಆ ಆವಿ ಟ್ಯಾಂಕಿನಲ್ಲಿ ನೀರಾಗಿ ಇಳಿಯುತ್ತದೆ. ಅದನ್ನು ಆಗಾಗ ಹೊರಗೆ ಉಗುಳಲೆಂದೇ ಆ ಮೂತಿ ಇರುವುದು. ಮುಚ್ಚಿದರೆ ನೀರು ಒಳಗೇ ತುಂಬಿ, ಗಾಳಿಯ ಜೊತೆ ಪೈಪಿಗೆ ಹತ್ತಿ, ಸ್ಪ್ರೇ ಗನ್ನಿನಲ್ಲಿ ಪೇಂಟಿನ ಜೊತೆಗೇ ಹೊರಗೆ ಬೀಳುತ್ತದೆ.

"ತಣ್ಣೀರಿನ ಲೋಟದ ಹೊರಗೆ ಹನಿ ಕೂರುತ್ತಲ್ಲ ಸರ್, ಹಾಗೇ" ಎಂದು ನನಗೆ ಅರ್ಥವಾಗಲೆಂದು ಉದಾಹರಣೆಯನ್ನೂ ಕೊಟ್ಟರು.

ಆ ಉದಾಹರಣೆಯನ್ನು ನಾನು ಎಷ್ಟು ಬ್ಯಾಚಿಗೆ ಕೊಟ್ಟಿದ್ದೇನೋ ಲೆಕ್ಕವಿಲ್ಲ. ಲೋಟವನ್ನು ಕ್ಲಾಸಿಗೆ ತಂದು ತೋರಿಸುತ್ತಿದ್ದೆ.

ಮುಚ್ಚಿದವನೇ ತೆಗೆಯುತ್ತೇನೆ ಎಂದು ನಾನು ಸ್ಪ್ಯಾನರ್ ಹಿಡಿದು ಬಗ್ಗಿದೆ. ನಿಲ್ಲಿ ಸರ್, ಮೊದಲು ಒಳಗಿನ ಪ್ರೆಶರ್ ಇಳಿಸಬೇಕು ಎಂದು ಶಿಲ್ಪಾ ಹೇಳಿದ್ದು ಕೇಳಿಸಿತು. ಅಷ್ಟರಲ್ಲಿ ಅಂಟು ಕಿತ್ತು ಬಿರಟೆಯನ್ನು ಕಾಲು ಸುತ್ತು ತಿರುಗಿಸಿಯಾಗಿತ್ತು. ಗಾಳಿ, ನೀರು, ತುಕ್ಕು, ಎಣ್ಣೆ ಎಲ್ಲ ಸೇರಿದ ರಾಗಿ ಅಂಬಲಿಯ ಬಣ್ಣದ ಧಾರೆಯೊಂದು ಸಂದಿಯಿಂದ ಚಿಮ್ಮಿ, ನನ್ನ ಕೊರಳಿಂದ ಸೊಂಟದವರೆಗೆ ಬಿಳಿ ಅಂಗಿಗೆ ಅಭಿಷೇಕ ಮಾಡಿತು. ಶಿಲ್ಪಾ ಓಡಿಹೋಗಿ ಮೇನ್ ಆಫ್ ಮಾಡಿ, ಮೇಲಿನ ವಾಲ್ವ್ ತೆಗೆದರು. ಬಿರಟೆ ಹಾರಿ ಬಂದಿದ್ದರೆ ಈ ಲೇಖನವನ್ನು ಬೇರೆ ಯಾರಾದರೂ, ಬೇರೆ ಧಾಟಿಯಲ್ಲಿ ಬರೆಯಬೇಕಾಗುತ್ತಿತ್ತು. ಟ್ಯಾಂಕು ಬಕೆಟ್‌ಗಟ್ಟಲೆ ನೀರು ಕಾರುತ್ತಾ ಹೋಯಿತು. ಎಲ್ಲರೂ ನಿಂತು ನೋಡುತ್ತಲೇ ಇದ್ದರು.

ವಿಮಲಾ ನನ್ನ ಮೇಲೆ ಕೂಗಾಡಿದ್ದರೆ ಚೆನ್ನಾಗಿತ್ತು. ಅವಳು ಮೊದಲು ಸೆಲ್ವಂ ಹತ್ತಿರ ಹೋಗಿ ಏನೋ ಹೇಳಿದಳು. ಅವನು ಬೇಡ ಮೇಡಂ, ಬೇಡ ಮೇಡಂ ಎನ್ನುತ್ತಿದ್ದ. ಆಮೇಲೆ ಅಯೂಬ್ ಭಾಯ್ ಎದುರಿಗೆ ಕೈ ಮುಗಿದಳು. ಇಷ್ಟು ಹೊತ್ತು ತಮಾಷೆಯಾಗಿದ್ದದ್ದು ಅಲ್ಲಿಗೆ ನಿಂತಿತು. ನಾನು ತಪ್ಪು ಮಾಡಿದ್ದೆ, ಅವಳು ಕೈ ಮುಗಿಯುತ್ತಿದ್ದಳು. ನೀರು ಸುರಿಸುತ್ತಲೇ ಹೋಗಿ, ಅವಳನ್ನು ಸರಿಸಿ, ಅಯೂಬ್ ಭಾಯ್, ತಪ್ಪಾಯ್ತು, ನಿಮ್ಮ ಪೇಂಟಿನಲ್ಲಿ ಏನೂ ಇರಲಿಲ್ಲ ಎಂದೆ. ಸೆಲ್ವಂಗೂ ಹೇಳಿದೆ, ಅದೂ ಎಲ್ಲರೆದುರಿಗೆ, ಯಾಕೆಂದರೆ ಅವನ ಕೈಯ ಬಗ್ಗೆ ನಾನು ಆಡಿದ ಮಾತು ಎಲ್ಲರಿಗೂ ತಿಳಿದಿತ್ತು.

ಅಯೂಬ್ ಭಾಯ್ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಛೋಡೋ ಸಾಬ್. ಪೇಂಟಿಗೆ ಇದ್ದ ಟೆನ್ಶನ್ ಎಲ್ಲ ಈಗ ನಿಮಗೆ ಬಂತಲ್ಲ, ಹಿಸಾಬ್ ಬರಾಬರ್."

ಮೊದಲು ನಕ್ಕದ್ದು ಸೆಲ್ವಂ. ಆಮೇಲೆ ಎಲ್ಲರೂ ನಕ್ಕರು, ಶಿಲ್ಪಾ ಮುಖ ತಿರುಗಿಸಿಕೊಂಡು ನಕ್ಕರು. ಅಯೂಬ್ ಭಾಯ್ ಕುರ್ಚಿ ಎಳೆದುಕೊಂಡು ಕೂತು, ಚಾ ಎಲ್ಲಿ ಬೆಹನ್ ಎಂದರು. ವಿಮಲಾ ಚಾ ತರಲು ಹೋಗುವ ದಾರಿಯಲ್ಲಿ ನನ್ನ ಪಕ್ಕ ಒಂದು ಕ್ಷಣ ನಿಂತಳು.

"ಏನೂ ಮುಟ್ಬೇಡಿ ಅಂದಿದ್ನಲ್ಲ ರೀ" ಎಂದಳು, ಅಷ್ಟೇ.

ಕೆಟ್ಟ ಕುರ್ಚಿಗಳನ್ನೆಲ್ಲ ಎಮರಿ ಕಾಗದದಿಂದ ಉಜ್ಜಿ, ಬರಿ ಕಬ್ಬಿಣ ಕಾಣುವವರೆಗೆ ಬಣ್ಣ ತೆಗೆದು, ಮತ್ತೆ ಹೊಡೆಯಬೇಕಿತ್ತು. ಉಜ್ಜುವ ಕೆಲಸ ನನ್ನ ಪಾಲಿಗೆ ಬಂತು. ನಾನೇ ಕೇಳಿಕೊಂಡೆ ಎಂದು ಬರೆಯಬಹುದು, ಆದರೆ ವಿಮಲಾ ಇದನ್ನು ಓದುತ್ತಾಳೆ. ಸೆಲ್ವಂ ಒಂದೊಂದು ಕುರ್ಚಿಯನ್ನೂ ಬೆಳಕಿಗೆ ಹಿಡಿದು, ಇಲ್ಲಿ ಇನ್ನೂ ಸ್ವಲ್ಪ ಇದೆ ಸಾರ್ ಎಂದು ವಾಪಸ್ ಕೊಡುತ್ತಿದ್ದ. ಒಮ್ಮೆ ನನ್ನ ಕೈ ಸೋತು ನಡುಗಿದ್ದನ್ನು ನೋಡಿದ. ಪುಣ್ಯಾತ್ಮ, ಏನೂ ಕೇಳಲಿಲ್ಲ, ಟೀ ತಂದುಕೊಟ್ಟ. ಸಿಸ್ಟರ್ ಕೊಟ್ಟ ವಾರ ಮುಗಿಯುವ ಮೊದಲೇ ಕುರ್ಚಿಗಳು ರಿಚರ್ಡ್ಸ್ ಟೌನ್ ತಲುಪಿದವು. ಇಳಿಸಲು ನಾನು ಹೋಗಲಿಲ್ಲ.

ಶಿಲ್ಪಾ ಹೇಳಿದ ಬದಲಾವಣೆಗಳನ್ನು ವಿಮಲಾ ಒಂದೊಂದಾಗಿ ಮಾಡಿಸಿದಳು. ಕಿಟಕಿಯ ಹಲಗೆ ಕಿತ್ತಳು. ಅಗತ್ಯಕ್ಕಿಂತ ಜಾಸ್ತಿ ಇಟ್ಟಿದ್ದ ಗಾಳಿಯ ಒತ್ತಡವನ್ನು ಇಳಿಸಿದಳು. ಸುಟ್ಟಾಗಲೆಲ್ಲ ಒಳಗಿನ ತಂತಿಯನ್ನು ಮತ್ತೆ ಸುತ್ತಿಸಿ ಓಡಿಸುತ್ತಿದ್ದ ಹಳೆಯ ಮೋಟಾರನ್ನು ಬದಲಿಸಿದಳು. ಛಾವಣಿಗೆ ಅಲ್ಲಲ್ಲಿ ಬೆಳಕು ಬಿಡುವ ಶೀಟು ಹಾಕಿಸಿದಳು, ಹಗಲು ಟ್ಯೂಬ್‌ಲೈಟ್ ಬೇಕಾಗಲಿಲ್ಲ. ನಾನು ಟೇಪು ಸುತ್ತಿದ್ದ ಜಾಗಗಳಲ್ಲಿ ಸರಿಯಾದ ಫಿಟಿಂಗ್ ಹಾಕಿಸಿದಳು. ಕರೆಂಟ್ ಬಿಲ್ಲು ನಿಜಕ್ಕೂ ಇಳಿಯಿತು. ಅಕ್ಕಪಕ್ಕದ ಶೆಡ್ಡಿನವರೆಲ್ಲ ಬಂದು ನೋಡಿಕೊಂಡು ಹೋದರು.

ಕೆಲವು ತಿಂಗಳಾದ ಮೇಲೆ ಸಂಘದವರು ಇಂದಿರಾನಗರದ ಒಂದು ಹಾಲಿನಲ್ಲಿ ಸಭೆ ಇಟ್ಟರು. ವಿಮಲಾ ತನ್ನ ಅನುಭವ ಹೇಳಬೇಕು, ಶಿಲ್ಪಾ ಚಿತ್ರಗಳನ್ನು ತೋರಿಸಿ ವಿವರಿಸಬೇಕು. ಮನೆಯವರನ್ನೂ ಕರೆದುಕೊಂಡು ಬನ್ನಿ ಎಂದು ಶಿಲ್ಪಾ ವಿಶೇಷವಾಗಿ ಹೇಳಿದ್ದರು. ಮೇಷ್ಟ್ರನ್ನೂ ವೇದಿಕೆಗೆ ಕರೆದು ಸೋರಿಕೆ ತಡೆಯುವ ಬಗ್ಗೆ ಎರಡು ಮಾತಾಡಿಸಬಹುದು ಎಂದುಕೊಂಡು, ಆ ಎರಡು ಮಾತನ್ನು ಅರ್ಧ ಗಂಟೆಗೆ ಸಾಲುವಷ್ಟು ಸಿದ್ಧ ಮಾಡಿಕೊಂಡು, ಇಸ್ತ್ರಿ ಮಾಡಿದ ನೀಲಿ ಅಂಗಿ ತೊಟ್ಟು ಹೋಗಿ ಮಧ್ಯದ ಸಾಲಿನಲ್ಲಿ ಕೂತೆ.

ವಿಮಲಾ ಚೆನ್ನಾಗಿ ಮಾತಾಡಿದಳು. ಆಮೇಲೆ ಶಿಲ್ಪಾ, ಕಂಪ್ರೆಸ್ಡ್ ಏರ್ ವಿಷಯದಲ್ಲಿ ಏನು ಮಾಡಬಾರದು ಎಂಬುದಕ್ಕೆ ಒಂದು ಉದಾಹರಣೆ ಎಂದು ಪರದೆಯ ಮೇಲೆ ಚಿತ್ರ ಬಿಟ್ಟರು. ಟ್ಯಾಂಕಿನ ತಳ, ಅದಕ್ಕೊಂದು ಹಿತ್ತಾಳೆಯ ಬಿರಟೆ, ಅದರ ಮೇಲೆ ಕಡುಬಿನಂತೆ ಮೆತ್ತಿದ ಅಂಟು. ಆಕೆ ಕಥೆ ಹೇಳುತ್ತಾ ಹೋದಂತೆ ಹಾಲಿಗೆ ಹಾಲೇ ನಗತೊಡಗಿತು. ನಾನೂ ನಕ್ಕೆ. ನಗದಿದ್ದರೆ ಗುರುತು ಸಿಕ್ಕಿಬಿಡುತ್ತಿತ್ತು.

ಪಕ್ಕದಲ್ಲಿದ್ದ, ಮಹದೇವಪುರದ ಕಡೆಯ ಯಾವುದೋ ಫ್ಯಾಕ್ಟರಿಯ ಯಜಮಾನರು, ಕಣ್ಣೊರೆಸಿಕೊಳ್ಳುತ್ತಾ ನನ್ನ ತೊಡೆಗೆ ತಟ್ಟಿ, "ಯಾರ್ರೀ ಆ ಮಹಾನುಭಾವ?" ಎಂದರು.

"ಯಾರೋ ಫಿಸಿಕ್ಸ್ ಮೇಷ್ಟ್ರಂತೆ" ಎಂದೆ.

ಅಷ್ಟರಲ್ಲಿ ವೇದಿಕೆಯ ಮೇಲೆ ವಿಮಲಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಡೀ ಶೆಡ್ಡಿನ ಲೀಕುಗಳನ್ನು ಹುಡುಕಿ ನಿಲ್ಲಿಸಿದವರೂ ಅವರೇ ಎಂದು ಮೊದಲು ಹೇಳಿದಳು, ಅದು ಅವಳ ದೊಡ್ಡತನ. ಆಮೇಲೆ ಕೈ ಚಾಚಿ ಮಧ್ಯದ ಸಾಲಿನ ಕಡೆ ತೋರಿಸಿ, "ಅಲ್ಲಿ ನೀಲಿ ಶರ್ಟ್ ಹಾಕ್ಕೊಂಡು ಕೂತಿದ್ದಾರಲ್ಲ, ನಮ್ಮನೆಯವ್ರು. ರೀ, ಸ್ವಲ್ಪ ಎದ್ದು ನಿಂತ್ಕೊಳ್ಳಿ" ಎಂದಳು.

ಎದ್ದು ನಿಂತೆ. ಪಕ್ಕದ ಯಜಮಾನರು ನನ್ನ ತೊಡೆಯ ಮೇಲಿಂದ ಮೆಲ್ಲಗೆ ಕೈ ತೆಗೆದರು. ನಾಲ್ಕೂ ದಿಕ್ಕಿಗೆ ಕೈ ಮುಗಿದೆ. ಜೀವಮಾನವೆಲ್ಲ ಪಾಠ ಮಾಡಿದರೂ ಅಷ್ಟು ಜೋರು ಚಪ್ಪಾಳೆ ನನಗೆ ಯಾವತ್ತೂ ಬಿದ್ದಿರಲಿಲ್ಲ.